ಬಟ್ಟೆ ಹೊದಿಕೆಯ ಪೀಟನ್‌ಪೋಲ್ ವಿಮಾನ: ಹೊದಿಕೆ ಬದಲಿಸುವಾಗಲೇ ಎಂಜಿನ್ನನ್ನೂ ಬದಲಿಸಬಹುದೇ?

ತುಂಗಾತೀರ, ಓಹಾಯೊ

ಬಳಗದ ಹಿರಿಯರಿಗೆಲ್ಲ ನಮಸ್ಕಾರ. ಕಳೆದ ಅಕ್ಟೋಬರಿನಲ್ಲಿ ನಾನೊಂದು ಪೀಟನ್‌ಪೋಲ್ ಏರ್ ಕ್ಯಾಂಪರ್ ಕೊಂಡೆ. ಈ ಹೆಸರು ಕೇಳದವರಿಗಾಗಿ ಎರಡು ಮಾತು ಹೇಳುತ್ತೇನೆ. ಮಿನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಪುಟ್ಟ ಊರಿನ ಬರ್ನಾರ್ಡ್ ಪೀಟನ್‌ಪೋಲ್ ಅವರು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನೇ ಮೂತಿಗೆ ಕಟ್ಟಿ 1929ರಲ್ಲಿ ಹಾರಿಸಿದ ಮರದ ವಿಮಾನ ಇದು. ತಲೆಯ ಮೇಲೆ ಒಂದೇ ರೆಕ್ಕೆ, ಒಂದರ ಹಿಂದೊಂದು ಎರಡು ತೆರೆದ ಆಸನಗಳು, ಮೈತುಂಬ ಬಟ್ಟೆಯ ಹೊದಿಕೆ. ಇದರ ನಕ್ಷೆಗಳು 1932ರಲ್ಲಿ ಅಚ್ಚಾದವು. ಇಂದಿಗೂ ಜನರು ಅದೇ ನಕ್ಷೆಯನ್ನು ಹಿಡಿದು ಮನೆಯಲ್ಲಿಯೇ ಈ ವಿಮಾನವನ್ನು ಕಟ್ಟುತ್ತಿದ್ದಾರೆ.

ನನ್ನದನ್ನು ಒಬ್ಬ ಶಾಲಾ ಮೇಷ್ಟರು 1981ರಲ್ಲಿ ಕಟ್ಟಿ ಮುಗಿಸಿದ್ದರು. ಅವರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅದು ಅವರ ಮಗಳ ಹೊಲದ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಜಿನ್ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65. ಕೈಯಿಂದ ತಿರುಗಿಸಿದರೆ ನಾಲ್ಕೂ ಸಿಲಿಂಡರುಗಳಲ್ಲಿ ಒತ್ತಡ ಚೆನ್ನಾಗಿ ಸಿಗುತ್ತದೆ. ಹೊದಿಕೆ ಪಾಲಿಯೆಸ್ಟರ್ ಬಟ್ಟೆಯದು, ಅದರ ಮೇಲೆ ಕಾರಿಗೆ ಬಳಿಯುವ ಎನಾಮಲ್ ಬಣ್ಣ. ಬಣ್ಣವು ಕೆರೆಯ ಒಣಮಣ್ಣಿನಂತೆ ಬಿರುಕು ಬಿಟ್ಟಿದೆ, ಬಾಲದ ಹತ್ತಿರ ಹಪ್ಪಳದಂತೆ ಎದ್ದು ಬರುತ್ತಿದೆ.

ಹೊದಿಕೆಯನ್ನು ಪೂರ್ತಿ ಬದಲಿಸಲು ನಿರ್ಧರಿಸಿದ್ದೇನೆ. ಎಲ್ಲವನ್ನೂ ಬಿಚ್ಚಿರುವಾಗಲೇ ಇನ್ನೂ ಕೆಲವು ಬದಲಾವಣೆಗಳನ್ನು ಮಾಡಿ ಮುಗಿಸಿದರೆ ಒಳ್ಳೆಯದೆಂದು ನನಗೆ ಅನಿಸುತ್ತಿದೆ. ಮೊದಲನೆಯದಾಗಿ, ಎ-65ರ ಬದಲು ಷೆವ್ರೊಲೆ ಕಾರ್ವೇರ್ ಕಾರಿನ ಎಂಜಿನ್ ಕೂರಿಸಬೇಕೆಂದಿದ್ದೇನೆ. ಪೀಟನ್‌ಪೋಲ್ ಅವರೇ 1960ರ ದಶಕದಲ್ಲಿ ಆ ಎಂಜಿನ್ನನ್ನು ತಮ್ಮ ವಿಮಾನಕ್ಕೆ ಹೊಂದಿಸಿದ್ದರು. ಹೆಂಡತಿಯನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು ಹಾರಬೇಕೆಂಬುದು ನನ್ನ ಆಸೆ. ಬೇಸಿಗೆಯಲ್ಲಿ ಇಬ್ಬರಿಗೆ 65 ಅಶ್ವಶಕ್ತಿ ಸಾಲದೆಂದು ಇಲ್ಲಿನ ಗೆಳೆಯರು ಹೇಳುತ್ತಾರೆ. ಎರಡನೆಯದಾಗಿ, ರೇಡಿಯೊ ಹಾಗೂ ವಿಮಾನದ ಗುರುತನ್ನು ರಾಡಾರಿಗೆ ತಿಳಿಸುವ ಟ್ರಾನ್ಸ್‌ಪಾಂಡರಿಗಾಗಿ ಒಂದು ಬ್ಯಾಟರಿಯನ್ನು ಹಿಂದಿನ ಆಸನದ ಬೆನ್ನಿಗೆ ಇಡಬೇಕು. ಮೂರನೆಯದಾಗಿ, ಬಾಲದ ಕೆಳಗಿನ ಜಾರುಪಟ್ಟಿಯ ಬದಲು ತಿರುಗುವ ಗಾಲಿಯನ್ನು ಹಾಕಬೇಕು.

ಮೇಷ್ಟರ ಕೈಬರಹದ ತೂಕದ ಹಾಳೆ ನನ್ನಲ್ಲಿದೆ. ಖಾಲಿ ವಿಮಾನ 640 ಪೌಂಡ್, ಗುರುತ್ವ ಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ 11 ಇಂಚು ಹಿಂದೆ. ಅದೇ ಅಂಚಿನಿಂದ ಹಿಂದಿನ ಆಸನ 54 ಇಂಚು, ರೆಕ್ಕೆಯ ನಡುವಿನ ಪೆಟ್ರೋಲ್ ಟ್ಯಾಂಕ್ 24 ಇಂಚು, ಟ್ಯಾಂಕ್ ತುಂಬಿದರೆ 60 ಪೌಂಡ್. ಒಟ್ಟು ತೂಕದ ಮಿತಿ 1,080 ಪೌಂಡ್ ಎಂದು ಬರೆದಿದ್ದಾರೆ. ನನ್ನ ತೂಕ 205 ಪೌಂಡ್. ಈ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕೈಬಿಡಬೇಕು ಎಂದು ದಯವಿಟ್ಟು ತಿಳಿಸಿಕೊಡಿ.

ಉಳಿಸುತ್ತಿಗೆ, ವಿಸ್ಕಾನ್ಸಿನ್

ತುಂಗಾತೀರ ಅವರೇ, ಮೊದಲು ಅಭಿನಂದನೆ. ನಾನು ಹತ್ತೊಂಬತ್ತು ವರ್ಷಗಳಿಂದ ವಿಮಾನ ಮೆಕ್ಯಾನಿಕ್ ಆಗಿ ಕೆಲಸ ಮಾಡುತ್ತಿದ್ದೇನೆ, ಮರದ ವಿಮಾನಗಳೇ ನನ್ನ ಹೆಚ್ಚಿನ ಕೆಲಸ. ಎಂಜಿನ್ನಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಹೊದಿಕೆಯ ಕೆಳಗೆ ಏನಿದೆ ಎಂಬುದು ಗೊತ್ತಾಗದೆ ಒಂದು ಡಾಲರನ್ನೂ ಬೇರೆಯದಕ್ಕೆ ಖರ್ಚು ಮಾಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ವಿಮಾನದಲ್ಲಿ ನಾನು ಮರವನ್ನು ಮೇಲಿಂದ ಮೇಲೆ ನೋಡಿ, ವಾರ್ನಿಷ್ ಹೊಳೆಯುತ್ತಿದೆಯಲ್ಲ ಎಂದು ಸಮಾಧಾನಪಟ್ಟು, ಒಂದು ಇಡೀ ಚಳಿಗಾಲ ಕುಳಿತು ಹೊಸ ಬಟ್ಟೆ ಹೊದಿಸಿದೆ. ಮೂರನೆಯ ವರ್ಷ ಎಡರೆಕ್ಕೆಯ ತುದಿಯನ್ನು ಹಿಡಿದು ಅಲುಗಾಡಿಸಿದಾಗ ಒಳಗಿನಿಂದ ಕಟಕಟ ಸದ್ದು ಬಂತು. ರೆಕ್ಕೆಗೆ ಆಕಾರ ಕೊಡುವ ರಿಬ್ಬುಗಳಲ್ಲಿ ನಾಲ್ಕು ಅಂಟು ಬಿಟ್ಟು, ರೆಕ್ಕೆಯುದ್ದಕ್ಕೂ ಹಾಯುವ ಸ್ಪಾರ್ ಎಂಬ ಮುಖ್ಯ ತೊಲೆಯ ಮೇಲೆ ಜಾರಾಡುತ್ತಿದ್ದವು. ನಾನೇ ಹೊಲಿದ ಬಟ್ಟೆಯನ್ನು ನಾನೇ ಬ್ಲೇಡಿನಿಂದ ಸೀಳಿದೆ. ಆ ನೋವು ನಿಮಗೆ ಬೇಡ.

ಬಟ್ಟೆಯನ್ನು ತೆಗೆಯುವಾಗ ಎಳೆದು ಹರಿಯಬೇಡಿ. ಪ್ರತಿ ರಿಬ್ಬಿನ ಮೇಲೆ ಪಟ್ಟಿಯ ಕೆಳಗೆ ಹೊಲಿಗೆಯ ಗಂಟುಗಳಿರುತ್ತವೆ. ಅವನ್ನು ಒಂದೊಂದಾಗಿ ಕತ್ತರಿಸಿದ ಮೇಲೆಯೇ ಬಟ್ಟೆಯನ್ನು ಎತ್ತಬೇಕು. ಪೀಟನ್‌ಪೋಲಿನ ರಿಬ್ಬಿನ ಪಟ್ಟಿ ಕಾಲು ಇಂಚಿಗೆ ಅರ್ಧ ಇಂಚಿನ ಸ್ಪ್ರೂಸ್ ಮರದ ಕಡ್ಡಿ ಅಷ್ಟೇ, ಎಳೆದರೆ ಅದು ಬಟ್ಟೆಯ ಜೊತೆಗೇ ಮುರಿದು ಬರುತ್ತದೆ. ತೆಗೆದ ಬಟ್ಟೆಯನ್ನು ಎಸೆಯಬೇಡಿ. ಅದನ್ನು ನೆಲದ ಮೇಲೆ ಹಾಸಿ ಫೋಟೊ ತೆಗೆದಿಟ್ಟುಕೊಳ್ಳಿ. ತಪಾಸಣೆಯ ರಂಧ್ರಗಳು, ನೀರು ಬಸಿಯುವ ತೂತುಗಳು, ತಂತಿಗಳು ಹೊರಬರುವ ಜಾಗಗಳು ಎಲ್ಲೆಲ್ಲಿದ್ದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಒಂದು ಅಂಗೈ ಅಗಲದ ತುಂಡನ್ನು ಕುಟುಂಬಕ್ಕಾಗಿಯೂ ಎತ್ತಿಡಿ, ಮೇಷ್ಟರ ಮಗಳಿಗೆ ಕೊಟ್ಟರೆ ಸಂತೋಷಪಡುತ್ತಾರೆ.

ಆಮೇಲೆ ಮರ. ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿದ್ದ ವಿಮಾನದಲ್ಲಿ ಇಲಿಗಳು ಇದ್ದೇ ಇರುತ್ತವೆ ಎಂದುಕೊಂಡೇ ಶುರುಮಾಡಿ. ಇಲಿಯ ಮೂತ್ರ ಅಂಟನ್ನೂ ತಿನ್ನುತ್ತದೆ, ಲೋಹವನ್ನೂ ತಿನ್ನುತ್ತದೆ. ರೆಕ್ಕೆಯ ತುದಿಗಳು, ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಫಲಕವಾದ ಏಲಿರಾನಿನ ಹಿಂಭಾಗ, ಬಾಲದ ಕಂಬದ ಕೆಳತುದಿ, ನೀರು ನಿಲ್ಲುವ ಎಲ್ಲ ತಗ್ಗುಗಳು ನಿಮ್ಮ ಮೊದಲ ನಿಲುಗಡೆಗಳಾಗಲಿ. ಕೈಯಲ್ಲಿ ಒಂದು ಟಾರ್ಚ್, ಒಂದು ಸಣ್ಣ ಕನ್ನಡಿ, ಒಂದು ದಬ್ಬಣ, ಒಂದು ಪ್ಲಾಸ್ಟಿಕ್ ಸುತ್ತಿಗೆ ಇರಲಿ. ಗಟ್ಟಿ ಮರ ತಟ್ಟಿದರೆ ಟಣ್ಣೆನ್ನುತ್ತದೆ, ಕೊಳೆತ ಮರ ಬೊಕ್ಕೆಂದು ಸದ್ದು ನುಂಗುತ್ತದೆ. ಬೋಲ್ಟಿನ ಸುತ್ತ ಕಪ್ಪು ಅಥವಾ ನೀಲಿಗಪ್ಪು ಕಲೆ ಕಂಡರೆ ಅಲ್ಲಿ ಕಬ್ಬಿಣವೂ ನೀರೂ ಸೇರಿವೆ ಎಂದರ್ಥ. ಆ ಬೋಲ್ಟನ್ನು ತೆಗೆದು ರಂಧ್ರದೊಳಗೆ ನೋಡದೆ ಮುಂದೆ ಹೋಗಬೇಡಿ. ಸ್ಪಾರಿನ ಮೇಲೆ ಎಳೆಗೆ ಅಡ್ಡವಾಗಿ ಕೂದಲಿನಷ್ಟು ತೆಳ್ಳಗಿನ ಗೆರೆ ಕಂಡರೆ ಅದು ಇನ್ನೂ ಗಂಭೀರ: ಯಾವಾಗಲೋ ಒಂದು ಒರಟು ಇಳಿತದಲ್ಲಿ ಮರದ ಎಳೆಗಳು ಒತ್ತಿ ಮಡಚಿಕೊಂಡ ಗುರುತು ಅದು. ಓರೆಯಾಗಿ ಬೆಳಕು ಹಾಯಿಸಿದಾಗ ಮಾತ್ರ ಕಾಣುತ್ತದೆ.

ಮೇಷ್ಟರು ಯಾವ ಅಂಟನ್ನು ಬಳಸಿದ್ದರು ಎಂದು ಅವರ ಟಿಪ್ಪಣಿಗಳಲ್ಲಿ ಹುಡುಕಿ. ಹಾಲಿನ ಕೇಸೀನಿನಿಂದ ಮಾಡಿದ ಹಳೆಯ ಅಂಟಾದರೆ ತೇವ ಮತ್ತು ಬೂಷ್ಟು ಅದರ ಶತ್ರುಗಳು. ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಾದರೆ ಸೆಕೆ ಮತ್ತು ತೇವ ಒಟ್ಟಿಗೆ ಇರುವ ಕಡೆ ಅದು ಬೇಗ ಸೊರಗುತ್ತದೆ. ರೆಸಾರ್ಸಿನಾಲ್ ಆಗಿದ್ದರೆ ಕೂಡಿಕೆಯ ಅಂಚಿನಲ್ಲಿ ಕಡು ನೇರಳೆಗಂದು ಗೆರೆ ಕಾಣುತ್ತದೆ, ನೆಮ್ಮದಿಯಿಂದಿರಬಹುದು. ಯಾವುದೆಂದು ತಿಳಿಯದಿದ್ದರೆ ರೆಕ್ಕೆಯ ತುದಿಯ ಒಂದು ರಿಬ್ಬನ್ನು ಬಲಿ ಕೊಡಿ. ಅದರ ಕೂಡಿಕೆಗಳನ್ನು ಉಳಿಯಿಂದ ಮೀಟಿ ಬಿಡಿಸಿ ನೋಡಿ. ಮರವೇ ಹರಿದು ಎಳೆಗಳು ಎರಡೂ ಬದಿಗೆ ಅಂಟಿಕೊಂಡಿದ್ದರೆ ಅಂಟು ಜೀವಂತವಾಗಿದೆ. ಎರಡೂ ಮುಖಗಳು ಗಾಜಿನಂತೆ ನುಣ್ಣಗೆ ಬೇರ್ಪಟ್ಟರೆ ಆ ವಿಮಾನದ ಒಂದು ಕೂಡಿಕೆಯನ್ನೂ ನಂಬಲಾಗದು.

ಕೃಷ್ಣೆಯ ಕಾಂಠ, ಟೆಕ್ಸಸ್

ಉಳಿಸುತ್ತಿಗೆ ಅವರು ಮರದ ವಿಷಯವನ್ನು ಹೇಳಿರುವುದರಿಂದ ನಾನು ಲೆಕ್ಕಕ್ಕಷ್ಟೇ ಬರುತ್ತೇನೆ. ನಿಮ್ಮ ಹಾಳೆಯಲ್ಲಿರುವ ಅಂಕಿಗಳನ್ನು ಇಟ್ಟುಕೊಂಡು ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ಬಂದ ಉತ್ತರ ನಿಮ್ಮ ಮೂರೂ ಯೋಜನೆಗಳಿಗಿಂತ ಮುಖ್ಯವಾದದ್ದು ಎಂದು ನನ್ನ ಎಣಿಕೆ.

ಪೀಟನ್‌ಪೋಲಿನ ರೆಕ್ಕೆಯ ಅಗಲ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 60 ಇಂಚು. ಇದನ್ನು ಹಾರಿಸುವವರು ಗುರುತ್ವ ಕೇಂದ್ರವನ್ನು 15ರಿಂದ 20 ಇಂಚಿನ ನಡುವೆ ಇಡುತ್ತಾರೆ; 20 ಎಂದರೆ ರೆಕ್ಕೆಯಗಲದ ಮೂರನೆಯ ಒಂದು ಭಾಗ, ಅದರಾಚೆ ಹೋಗಬಾರದು. ಖಾಲಿ ವಿಮಾನದ 640 ಪೌಂಡನ್ನು 11ರಿಂದ ಗುಣಿಸಿದರೆ 7,040. ನಿಮ್ಮ 205 ಪೌಂಡನ್ನು 54ರಿಂದ ಗುಣಿಸಿದರೆ 11,070. ತುಂಬಿದ ಟ್ಯಾಂಕಿನ 60 ಪೌಂಡನ್ನು 24ರಿಂದ ಗುಣಿಸಿದರೆ 1,440. ಮೂರನ್ನೂ ಕೂಡಿ ಒಟ್ಟು ತೂಕವಾದ 905ರಿಂದ ಭಾಗಿಸಿದರೆ 21.6 ಇಂಚು ಬರುತ್ತದೆ. ಅಂದರೆ ವಿಮಾನ ಈಗ ಇರುವ ಸ್ಥಿತಿಯಲ್ಲಿಯೇ, ಯಾವ ಬದಲಾವಣೆಯನ್ನೂ ಮಾಡದಿದ್ದರೂ, ನೀವೊಬ್ಬರೇ ಕುಳಿತು ಹಾರಿದರೆ ಮಿತಿಗಿಂತ ಒಂದೂವರೆ ಇಂಚಿಗೂ ಹೆಚ್ಚು ಬಾಲಭಾರವಾಗಿದೆ.

ಮೇಷ್ಟರು ತಪ್ಪಾಗಿ ಕಟ್ಟಿದರೆಂದು ಇದರ ಅರ್ಥವಲ್ಲ. ಅವರ ಜಾಗದಲ್ಲಿ 150 ಪೌಂಡಿನ ಸಣಕಲು ಮನುಷ್ಯನನ್ನು ಕೂರಿಸಿ ಲೆಕ್ಕ ಹಾಕಿದರೆ 19.5 ಇಂಚು ಬರುತ್ತದೆ, ಮಿತಿಯೊಳಗೇ. ಅವರು ತಮ್ಮ ಮೈಯಳತೆಗೆ ಅಂಗಿ ಹೊಲಿದುಕೊಂಡಂತೆ ವಿಮಾನ ಕಟ್ಟಿಕೊಂಡಿದ್ದರು. ಮನೆಯಲ್ಲಿ ಕಟ್ಟಿದ ವಿಮಾನವನ್ನು ಕೊಳ್ಳುವವರು ಕಟ್ಟಿದವರ ತೂಕ ಎಷ್ಟಿತ್ತೆಂದು ಮೊದಲು ಕೇಳಬೇಕು. ಗುರುತ್ವ ಕೇಂದ್ರ ಹಿಂದೆ ಹೋದಷ್ಟೂ ವಿಮಾನ ನಡೆಸುವ ಕೋಲು ಹಗುರಾಗುತ್ತದೆ, ವಿಮಾನ ತಾನಾಗಿ ಮೂತಿ ಇಳಿಸುವುದಿಲ್ಲ, ವೇಗ ಕಳೆದುಕೊಂಡು ಗಿರಕಿಗೆ ಬಿದ್ದರೆ ಹೊರಬರುವುದು ಕಷ್ಟ.

ಬ್ಯಾಟರಿಯನ್ನು ಆಸನದ ಹಿಂದೆ ಇಡುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಹದಿನೈದು ಪೌಂಡಿನ ಬ್ಯಾಟರಿಯನ್ನು 75 ಇಂಚಿನಲ್ಲಿಟ್ಟರೆ ಕೇಂದ್ರ 22.5 ಇಂಚಿಗೆ ಸರಿಯುತ್ತದೆ. ಅದರ ಜಾಗ ಎಂಜಿನ್ನಿನ ಹಿಂದಿನ ಅಗ್ನಿತಡೆ ಗೋಡೆ.

ಕಾರ್ವೇರ್ ಎಂಜಿನ್ ಬಾಲಭಾರವನ್ನು ಸರಿಪಡಿಸುತ್ತದೆ ಎಂಬುದು ನಿಜ. ಎ-65 ಸುಮಾರು 170 ಪೌಂಡ್, ಕಾರ್ವೇರ್ ಸುಮಾರು 225. ಕಟ್ಟುಗಳೂ ಸೇರಿ 60 ಪೌಂಡ್ ಮೂತಿಗೆ ಏರಿತೆಂದರೆ ಕೇಂದ್ರ 18.4ಕ್ಕೆ ಬರುತ್ತದೆ. ಆದರೆ ಒಟ್ಟು ತೂಕ ಆಗ 965 ಆಯಿತು. ಮಿತಿ 1,080. ನಿಮ್ಮ ಮನೆಯವರಿಗೆ ಉಳಿಯುವುದು 115 ಪೌಂಡ್ ಮಾತ್ರ. ಅವರನ್ನು ಕೂರಿಸಿಕೊಳ್ಳಲೆಂದೇ ತರುವ ಎಂಜಿನ್ ಅವರ ಪಾಲಿನ ತೂಕವನ್ನು ತಾನೇ ತಿಂದುಹಾಕುತ್ತದೆ. ಜೊತೆಗೆ, ಹಾರಾಟದಲ್ಲಿ ಕಾರ್ವೇರ್ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟ್ ಮುರಿದ ಪ್ರಕರಣಗಳು ನಡೆದ ಮೇಲೆ, ಮುಂಭಾಗಕ್ಕೆ ಐದನೆಯ ಬೇರಿಂಗ್ ಹಾಕುವುದು ಮತ್ತು ಕ್ರ್ಯಾಂಕಿನ ಮೇಲ್ಮೈಯನ್ನು ನೈಟ್ರೈಡ್ ಮಾಡಿ ಗಟ್ಟಿಗೊಳಿಸುವುದು ರೂಢಿಗೆ ಬಂತು. ಆ ಕಾರಿನ ತಯಾರಿಕೆ 1969ರಲ್ಲೇ ನಿಂತುಹೋಗಿದೆ. ಅದು ಕೆಟ್ಟ ಎಂಜಿನ್ ಅಲ್ಲ, ಎಷ್ಟೋ ಪೀಟನ್‌ಪೋಲ್‌ಗಳು ಅದರ ಬಲದಲ್ಲಿ ಹಾರುತ್ತಿವೆ. ಆದರೆ ಕೈಯಲ್ಲಿ ಒಳ್ಳೆಯ ಎ-65 ಇರುವಾಗ ಅದರ ಬೆನ್ನು ಹತ್ತುವುದಕ್ಕೆ ಕಾರಣ ಕಾಣುವುದಿಲ್ಲ.

ಇದಕ್ಕೆ ಹಳೆಯ, ಅಗ್ಗದ, ಪೀಟನ್‌ಪೋಲ್ ಕಟ್ಟುವವರೆಲ್ಲ ಬಲ್ಲ ಉಪಾಯ ಒಂದಿದೆ: ರೆಕ್ಕೆಯನ್ನೇ ಹಿಂದಕ್ಕೆ ಸರಿಸುವುದು. ರೆಕ್ಕೆಯನ್ನು ಮೈಯಿಂದ ಎತ್ತಿ ಹಿಡಿದಿರುವ ಕುರುಚು ಕಂಬಗಳನ್ನು ನೆಟ್ಟಗೆ ನಿಲ್ಲಿಸುವ ಬದಲು ಹಿಂದಕ್ಕೆ ವಾಲಿಸಿ, ಅವುಗಳ ಓರೆಕಂಬಿಯ ಉದ್ದವನ್ನು ಬದಲಿಸಿದರಾಯಿತು. ನಾಲ್ಕು ಇಂಚು ಸರಿಸಿದಿರಿ ಎಂದುಕೊಳ್ಳೋಣ. ರೆಕ್ಕೆಯ ತೂಕ ಸುಮಾರು 150 ಪೌಂಡ್ ಎಂದು ಹಿಡಿದರೆ, ಅದನ್ನೂ ಅದರೊಳಗಿನ ಪೆಟ್ರೋಲನ್ನೂ ಬಿಟ್ಟು ಉಳಿದ 695 ಪೌಂಡ್ ರೆಕ್ಕೆಯ ಲೆಕ್ಕದಲ್ಲಿ ನಾಲ್ಕು ಇಂಚು ಮುಂದೆ ಬಂದಂತಾಗುತ್ತದೆ. ಕೇಂದ್ರ 21.6ರಿಂದ 18.5ಕ್ಕೆ ಇಳಿಯುತ್ತದೆ, ಟ್ಯಾಂಕ್ ಬರಿದಾದಾಗ 18.1. ಮುಂದಿನ ಆಸನದಲ್ಲಿ 170 ಪೌಂಡಿನವರು ಕುಳಿತರೂ, ಆ ಆಸನವನ್ನು ಟ್ಯಾಂಕಿನ ನೇರಕ್ಕೇ ಇದೆಯೆಂದು ಹಿಡಿದರೆ, 18.8 ಇಂಚು, 1,075 ಪೌಂಡ್. ಒಂದು ಔನ್ಸ್ ತೂಕವನ್ನೂ ಸೇರಿಸದೆ ಎಲ್ಲವೂ ಮಿತಿಯೊಳಗೆ ಬಂತು.

ಆದರೆ ಈ ಲೆಕ್ಕವೆಲ್ಲ 1981ರ ಹಾಳೆಯನ್ನು ನಂಬಿ ಮಾಡಿದ್ದು. ಬಟ್ಟೆ ಬಿಚ್ಚುವ ಮೊದಲೊಮ್ಮೆ, ಹೊದಿಸಿ ಬಣ್ಣ ಬಳಿದ ಮೇಲೊಮ್ಮೆ ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗಿ. ಬಾಲವನ್ನು ಎತ್ತಿ, ಮೈಯ ಮೇಲಿನ ಉದ್ದಗೋಲಿನ ಮೇಲೆ ರಸಮಟ್ಟ ಇಟ್ಟು ಸಮ ಮಾಡಿಕೊಂಡು, ರೆಕ್ಕೆಯ ಮುಂದಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ ಅಳೆಯಬೇಕು. ಬಣ್ಣದ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಬಾಲಕ್ಕೆ ಮೂರು ಪೌಂಡ್ ಬಣ್ಣ ಹೆಚ್ಚಾದರೆ ಕೇಂದ್ರ ಅರ್ಧ ಇಂಚಿನ ಹತ್ತಿರ ಹಿಂದೆ ಹೋಗುತ್ತದೆ, ಅದನ್ನು ಸರಿದೂಗಿಸಲು ಮೂತಿಗೆ ಏಳು ಪೌಂಡ್ ಸೀಸ ಕಟ್ಟಬೇಕಾಗುತ್ತದೆ. ಬಾಲದ ಗಾಲಿಗೂ ಇದೇ ಮಾತು. ಹಾಕಲೇಬೇಕೆಂದರೆ ಸಿಗುವ ಅತ್ಯಂತ ಹಗುರವಾದದ್ದನ್ನು ಹಾಕಿ.

ಜಕ್ಕೂರಿನ ಹಳಬ, ಬೆಂಗಳೂರು

ಮಕ್ಕಳೇ, ನಿಮ್ಮ ಮಾತುಕತೆ ಓದಿ ಕೈ ತುರಿಸುತ್ತಿದೆ. ನಾನು ಪೀಟನ್‌ಪೋಲನ್ನು ಕಣ್ಣಾರೆ ಕಂಡವನಲ್ಲ. ಆದರೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್ ವಿಮಾನಗಳಿಗೆ ಬಟ್ಟೆ ಹೊದಿಸುವುದರಲ್ಲಿ ಹಲವು ವರ್ಷ ಕಳೆದಿದ್ದೇನೆ. 1958ರಲ್ಲಿ ಮೊದಲು ಹಾರಿದ ಆ ವಿಮಾನಕ್ಕೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಉಕ್ಕಿನ ಕೊಳವೆಗಳ ಮೈ, ಅದರ ಮೇಲೆ ಬಟ್ಟೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಅದರಲ್ಲಿಯೇ ಅಕ್ಷರಾಭ್ಯಾಸ ಮಾಡಿದರು.

ನಮ್ಮ ಕಾಲದಲ್ಲಿ ಪಾಲಿಯೆಸ್ಟರ್ ಇರಲಿಲ್ಲ, ಹತ್ತಿಯ ಬಟ್ಟೆ. ಅದನ್ನು ಬಿಗಿ ಮಾಡುತ್ತಿದ್ದುದು ಇಸ್ತ್ರಿಪೆಟ್ಟಿಗೆಯಲ್ಲ, ಬಟ್ಟೆಗೆ ಬಳಿಯುವ ಡೋಪ್ ಎಂಬ ದ್ರವ. ಬ್ರಷ್ಷಿನಿಂದ ಮೊದಲ ಕೋಟು ಹಚ್ಚಿದಾಗ ಬಟ್ಟೆ ಒದ್ದೆ ಪಂಚೆಯಂತೆ ಜೋತು ಬೀಳುತ್ತದೆ, ನೋಡಿದವರಿಗೆ ಎದೆ ಒಡೆಯುತ್ತದೆ. ಒಣಗುತ್ತ ಒಣಗುತ್ತ ತಬಲದ ಚರ್ಮದಂತೆ ಬಿಗಿಯಾಗುತ್ತದೆ. ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಮ್ಮೆ, ವಿಮಾನ ಬೇಗ ಬೇಕೆಂದು ಮೇಲಿನವರು ಅವಸರಪಡಿಸಿದ್ದರಿಂದ ಒಂದು ರೆಕ್ಕೆಗೆ ಡೋಪ್ ಹಚ್ಚಿದೆವು. ಊಟ ಮುಗಿಸಿ ಬಂದು ನೋಡಿದರೆ ರೆಕ್ಕೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ದ್ರಾವಕವು ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಡೋಪಿನ ಪದರ ಕೂಡಿಕೊಳ್ಳದೆ ನೊರೆಯಂತೆ ಉಳಿದುಬಿಡುತ್ತದೆ. ಅದರಲ್ಲಿ ಶಕ್ತಿಯೇ ಇರುವುದಿಲ್ಲ. ನಿಧಾನವಾಗಿ ಆರುವ ತಿನ್ನರ್ ಬೆರೆಸಿ, ಆ ಪದರವನ್ನು ಮತ್ತೆ ಕರಗಿಸಿ, ಎರಡು ದಿನ ಹೆಣಗಿ ಸರಿಪಡಿಸಿದೆವು. ಅಂದಿನಿಂದ ಹವೆಯ ತೇವವನ್ನು ಅಳೆಯದೆ ನಾನು ಡಬ್ಬಿ ತೆರೆದದ್ದಿಲ್ಲ. ಓಹಾಯೊದ ಬೇಸಿಗೆಯೂ ತೇವದ್ದೇ ಎಂದು ಕೇಳಿದ್ದೇನೆ. ನಿಮ್ಮ ಇಂದಿನ ದ್ರವಗಳಿಗೂ ಈ ಮಾತು ಅಷ್ಟಿಷ್ಟು ಸಲ್ಲುತ್ತದೆ.

ಹೊಲಿಗೆಯ ಬಗ್ಗೆ ಒಂದು ಮಾತು. ಮೇಲಿನ ಬಟ್ಟೆ ರೆಕ್ಕೆಯಿಂದ ಎದ್ದುಹೋಗದಂತೆ ಹಿಡಿದಿರುವುದು ಆ ದಾರವೇ, ಏಕೆಂದರೆ ರೆಕ್ಕೆಯ ಮೇಲ್ಮೈಯನ್ನು ಗಾಳಿ ಸದಾ ಮೇಲಕ್ಕೆ ಹೀರುತ್ತಿರುತ್ತದೆ. ನಮ್ಮಲ್ಲಿ ಇಬ್ಬರು ಎದುರುಬದುರು ಕೂರುತ್ತಿದ್ದೆವು. ಮೇಣ ತಿಕ್ಕಿದ ದಾರವನ್ನು ಒಂದಡಿ ಉದ್ದದ ಸೂಜಿಗೆ ಪೋಣಿಸಿ, ರಿಬ್ಬಿನ ಒಂದು ಪಕ್ಕದಿಂದ ಚುಚ್ಚಿದರೆ ಆಚೆಯವನು ಎಳೆದು ಇನ್ನೊಂದು ಪಕ್ಕದಿಂದ ಮರಳಿಸುತ್ತಿದ್ದ. ಪ್ರತಿ ಹೊಲಿಗೆಗೂ ಬೇರೆ ಗಂಟು. ಎಲ್ಲೋ ಒಂದು ಕಡೆ ದಾರ ಹರಿದರೆ ಉಳಿದ ಗಂಟುಗಳು ಬಿಚ್ಚಿಕೊಳ್ಳಬಾರದು. ಗಂಟನ್ನು ರಿಬ್ಬಿನ ನೆತ್ತಿಯ ಮೇಲೆ ಬಿಡದೆ ಪಕ್ಕಕ್ಕೆ ಎಳೆದು ಕೂರಿಸಬೇಕು. ಪ್ರೊಪೆಲ್ಲರಿನ ಗಾಳಿ ಬಡಿಯುವ ಭಾಗದಲ್ಲಿ ಹೊಲಿಗೆಗಳು ಇನ್ನೂ ಒತ್ತೊತ್ತಾಗಿರಬೇಕು. ವಿಮಾನ ಸಣ್ಣದು, ನಿಧಾನವಾದದ್ದು ಎಂದು ಒಂದು ಹೊಲಿಗೆಯನ್ನೂ ಬಿಡಬೇಡಪ್ಪ.

ತುಂಗಾತೀರ, ಓಹಾಯೊ

ಮೂವರಿಗೂ ಕೃತಜ್ಞ. ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಬಿಚ್ಚುವ ಮೊದಲು ತೂಗಿದೆ: 658 ಪೌಂಡ್, ಹಾಳೆಯಲ್ಲಿದ್ದುದಕ್ಕಿಂತ 18 ಹೆಚ್ಚು. ಬಟ್ಟೆ ತೆಗೆದಾಗ ಬಲ ಏಲಿರಾನಿನ ಬಳಿ ಇಲಿಗೂಡು ಸಿಕ್ಕಿತು, ಜೋಳದ ಸಿಪ್ಪೆ ಮತ್ತು ಹಳೆಯ ಆಸನದ ಹತ್ತಿಯಿಂದ ಕಟ್ಟಿದ್ದು. ಅಂಟು ರೆಸಾರ್ಸಿನಾಲ್, ಮೇಷ್ಟರು ದಿನಾಂಕ ಸಮೇತ ಪ್ರತಿ ಕಲಸಿನ ಒಂದು ಮಾದರಿ ಕೂಡಿಕೆಯನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಮೂರನ್ನು ಮುರಿದು ನೋಡಿದೆ, ಮೂರರಲ್ಲಿಯೂ ಮರವೇ ಹರಿಯಿತು.

ಆದರೆ ಎಡರೆಕ್ಕೆಯ ಹಿಂದಿನ ಸ್ಪಾರಿನಲ್ಲಿ, ಕೆಳಗಿನಿಂದ ಬರುವ ಆನಿಕೆ ಕಂಬ ಸೇರುವ ಲೋಹದ ಪಟ್ಟಿಯ ಅಂಚಿನಲ್ಲಿ, ಕಾಸಿನಗಲದ ಕಪ್ಪು ಕಲೆ ಕಂಡಿತು. ಪಟ್ಟಿಯನ್ನು ಬಿಚ್ಚಿ ದಬ್ಬಣ ಒತ್ತಿದರೆ ಕಾಲು ಇಂಚು ಒಳಗೆ ಇಳಿಯಿತು, ಬೆಲ್ಲದಚ್ಚಿಗೆ ಚುಚ್ಚಿದ ಹಾಗೆ. ಬೋಲ್ಟಿನ ಮೇಲೆ ತುಕ್ಕು. ಆ ಭಾಗವನ್ನು ಮಾತ್ರ ಕತ್ತರಿಸಿ ಹೊಸ ಮರವನ್ನು ಓರೆಯಾಗಿ ಕೂಡಿಸಿದರೆ ಸಾಕೇ?

ಉಳಿಸುತ್ತಿಗೆ, ವಿಸ್ಕಾನ್ಸಿನ್

ಸಾಲದು. ಸ್ಪಾರನ್ನು ಹನ್ನೆರಡಕ್ಕೆ ಒಂದರ ಓರೆಯಲ್ಲಿ ಕೂಡಿಸುವುದು ಒಪ್ಪಿತವಾದ ದುರಸ್ತಿಯೇ ಹೌದು. ಆದರೆ ಆನಿಕೆ ಕಂಬದ ಪಟ್ಟಿ ಇರುವ ಜಾಗದಲ್ಲಿಯಾಗಲಿ, ರೆಕ್ಕೆಯು ಮೈಗೆ ಸೇರುವ ಜಾಗದಲ್ಲಿಯಾಗಲಿ ಕೂಡಿಕೆ ಬರಬಾರದೆಂಬುದು ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ ದುರಸ್ತಿ ಕೈಪಿಡಿಯ ನಿಯಮ. ಇಡೀ ರೆಕ್ಕೆಯ ಭಾರ ಹಾರಾಟದಲ್ಲಿ ಹಾದುಹೋಗುವುದು ಅಲ್ಲಿಯೇ. ಕೂಡಿಕೆಯನ್ನು ಆ ಪಟ್ಟಿಯಿಂದ ದೂರಕ್ಕೆ ಒಯ್ದು ಉದ್ದನೆಯ ತುಂಡನ್ನೇ ಬದಲಿಸಬಹುದು, ಇಲ್ಲವೇ ಪೂರ್ತಿ ಹೊಸ ಸ್ಪಾರ್ ಮಾಡಬಹುದು. ನನ್ನನ್ನು ಕೇಳಿದರೆ ಹೊಸ ಸ್ಪಾರೇ ಸರಿ. ಇನ್ನೊಂದು ಬದಿಯ ಸ್ಪಾರಿನಲ್ಲಿಯೂ ಅದೇ ಪಟ್ಟಿಯನ್ನು ಬಿಚ್ಚಿ ನೋಡಿ. ಒಂದು ಕಡೆ ನೀರು ಹೊಕ್ಕಿದೆಯೆಂದರೆ ಎರಡೂ ಕಡೆ ಹೊಕ್ಕಿರುವ ಸಾಧ್ಯತೆಯೇ ಹೆಚ್ಚು. ಹೊಸ ಮರದ ರಂಧ್ರಗಳ ಒಳಗೂ ವಾರ್ನಿಷ್ ಹಚ್ಚಿದ ಮೇಲೆಯೇ ಬೋಲ್ಟ್ ಹಾಕಿ. ಮೇಷ್ಟರು ಅದೊಂದನ್ನು ಬಿಟ್ಟಿದ್ದರೆಂದು ಕಾಣುತ್ತದೆ.

ಕಾಗದಪತ್ರದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ಮನೆಯಲ್ಲಿ ಕಟ್ಟಿದ ವಿಮಾನದ ಮೇಲೆ ಯಾರು ಬೇಕಾದರೂ ಕೆಲಸ ಮಾಡಬಹುದು, ಮಾಲೀಕರಾದ ನೀವೂ ಮಾಡಬಹುದು. ಆದರೆ ಮಾಲೀಕರೆಂಬ ಮಾತ್ರಕ್ಕೆ ವರ್ಷಕ್ಕೊಮ್ಮೆಯ ಸ್ಥಿತಿ ತಪಾಸಣೆಗೆ ಸಹಿ ಹಾಕುವ ಅಧಿಕಾರ ನಿಮಗಿಲ್ಲ. ಅದು ಅದಕ್ಕೆ ತಕ್ಕ ರಿಪೇರ್‌ಮನ್ (ದುರಸ್ತಿಗಾರ) ಪ್ರಮಾಣಪತ್ರ ಪಡೆದವರಿಗೆ ಅಥವಾ ಪರವಾನಗಿ ಪಡೆದ ಮೆಕ್ಯಾನಿಕ್ಕಿಗೆ ಸೇರಿದ್ದು. ರೆಕ್ಕೆಯನ್ನು ನಾಲ್ಕು ಇಂಚು ಸರಿಸುವುದು ಸಮತೋಲವನ್ನು ಬದಲಿಸುವ ಕಾರಣ ದೊಡ್ಡ ಬದಲಾವಣೆಯ ಲೆಕ್ಕಕ್ಕೆ ಬರುತ್ತದೆ. ನಿಮ್ಮ ವಿಮಾನದ ಹಾರಾಟ ಮಿತಿಪತ್ರದ ಒಕ್ಕಣೆಯನ್ನು ಓದಿ. 1980ರ ದಶಕದ ಪತ್ರಗಳ ಷರತ್ತುಗಳು ಈಗಿನವುಗಳಂತಿರುವುದಿಲ್ಲ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ನಿಮ್ಮ ಪ್ರದೇಶದ ಎಫ್‌ಎಎ ಕಚೇರಿಗೆ ಪತ್ರ ಬರೆಯಿರಿ. ಆಮೇಲೆ ಒಬ್ಬರೇ ಕುಳಿತು, ಜನವಸತಿಯಿಲ್ಲದ ಕಡೆ ಪರೀಕ್ಷಾ ಹಾರಾಟದ ಗಂಟೆಗಳನ್ನು ಮತ್ತೆ ಪೂರೈಸಬೇಕಾಗುತ್ತದೆ. ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಇಎಎ ಸಂಸ್ಥೆಯ ತಾಂತ್ರಿಕ ಸಲಹೆಗಾರರೊಬ್ಬರನ್ನು ಹೊದಿಕೆ ಹಾಕುವ ಮುನ್ನ ಕರೆಸಿ ತೋರಿಸಿ. ಅದಕ್ಕೆ ಅವರು ಹಣ ಕೇಳುವುದಿಲ್ಲ.

ಕೃಷ್ಣೆಯ ಕಾಂಠ, ಟೆಕ್ಸಸ್

ಹದಿನೆಂಟು ಪೌಂಡ್ ಎಲ್ಲಿಂದ ಬಂತೆಂದು ಪತ್ತೆ ಮಾಡಿ. ಅದರ ಬಹುಪಾಲು ಆ ಎನಾಮಲ್ ಬಣ್ಣವೇ ಇರಬೇಕು. ತೆಗೆದ ಬಟ್ಟೆಯನ್ನು ಸುತ್ತಿ ತೂಗಿದರೆ ಗೊತ್ತಾಗುತ್ತದೆ. ಇನ್ನೊಂದು ಮಾತು: ರೆಕ್ಕೆಯನ್ನು ಸರಿಸಿದಾಗ ಆನಿಕೆ ಕಂಬಗಳ ಮೇಲ್ತುದಿ ಹಿಂದಕ್ಕೆ ಹೋಗುತ್ತದೆ, ಕೆಳತುದಿ ಇದ್ದಲ್ಲೇ ಇರುತ್ತದೆ. ಎರಡೂ ತುದಿಯ ಪಟ್ಟಿಗಳು ಹೊಸ ಕೋನಕ್ಕೆ ನೇರವಾಗಿ ನಿಲ್ಲುವಂತೆ ಬಾಗಿಸಬೇಕು ಅಥವಾ ಹೊಸದಾಗಿ ಮಾಡಬೇಕು. ಬೋಲ್ಟ್ ಹಾಕಿ ಬಲವಂತವಾಗಿ ಎಳೆದು ಕೂರಿಸಬಾರದು. ಏಲಿರಾನಿನ ತಂತಿಗಳ ಉದ್ದವೂ ಬದಲಾಗುತ್ತದೆ. ಆದ್ದರಿಂದ ಹೊಸ ಸ್ಪಾರಿಗೆ ರಂಧ್ರ ಕೊರೆಯುವ ಮೊದಲು ಇಡೀ ವಿಮಾನವನ್ನು ಬಟ್ಟೆಯಿಲ್ಲದೆ ಒಮ್ಮೆ ಜೋಡಿಸಿ ನಿಲ್ಲಿಸಿ ನೋಡಿ.

ತುಂಗಾತೀರ, ಓಹಾಯೊ

ಬಟ್ಟೆ ತೂಗಿದೆ. ಬಣ್ಣ, ಪಟ್ಟಿ ಎಲ್ಲ ಸೇರಿ 61 ಪೌಂಡ್! ಒಂದು ಕಡೆ ಬಣ್ಣದ ಮೇಲೆ ಬಣ್ಣ ಮೂರು ಸಲ ಬಳಿದದ್ದು ಅಂಚಿನಲ್ಲಿ ಮರದ ವರ್ಷದುಂಗುರಗಳಂತೆ ಕಾಣುತ್ತದೆ.

ಎ-65 ಎಂಜಿನ್ ಅಲ್ಲಿಯೇ ಇರುತ್ತದೆ. ಎರಡೂ ಹಿಂದಿನ ಸ್ಪಾರುಗಳನ್ನು ಹೊಸದಾಗಿ ಮಾಡುತ್ತಿದ್ದೇನೆ. ಬಲಗಡೆಯ ಪಟ್ಟಿಯ ಕೆಳಗೂ ಕಲೆ ಇತ್ತು, ಅಷ್ಟು ಆಳವಿರಲಿಲ್ಲ. ಒರೆಗನ್ನಿನಿಂದ ಸಿಟ್ಕಾ ಸ್ಪ್ರೂಸ್ ಹಲಗೆಗಳು ಬಂದಿವೆ. ಬಾಲಕ್ಕೆ ಹಗುರವಾದ ಸಣ್ಣ ಗಾಲಿಯೊಂದನ್ನು ಒಪ್ಪಿದ್ದೇನೆ, ಬ್ಯಾಟರಿ ಅಗ್ನಿತಡೆ ಗೋಡೆಗೆ ಹೋಗುತ್ತದೆ. ಮಿತಿಪತ್ರದ ಪ್ರತಿಯನ್ನು ಕಚೇರಿಗೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದೇನೆ.

ಹಿರಿಯರೇ, ನಿಮ್ಮ ಮಾತಿನಂತೆ ಒಂದು ಹಳೆಯ ರಿಬ್ಬಿನ ಮೇಲೆ ಹೊಲಿಗೆ ಅಭ್ಯಾಸ ಮಾಡುತ್ತಿದ್ದೇವೆ. ಬಟ್ಟೆಯನ್ನು ಅಂಟಿಸಿ, ತಾಪಮಾಪಕದಿಂದ ಹದ ನೋಡಿಟ್ಟ ಇಸ್ತ್ರಿಪೆಟ್ಟಿಗೆಯಿಂದ ಮೊದಲು 250, ಆಮೇಲೆ 300, ಕೊನೆಗೆ 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಬಿಗಿ ಮಾಡಿದೆವು. ಅದಕ್ಕಿಂತ ಮೇಲೆ ಹೋದರೆ ಪಾಲಿಯೆಸ್ಟರ್ ಬಿಗಿ ಕಳೆದುಕೊಳ್ಳುತ್ತದೆ ಎಂದು ಕೈಪಿಡಿ ಎಚ್ಚರಿಸುತ್ತದೆ. ನಾನು ಮೇಲಿನಿಂದ ಚುಚ್ಚಿದರೆ ನನ್ನ ಹೆಂಡತಿ ಕೆಳಗಿನಿಂದ ಎಳೆದು ಮರಳಿಸುತ್ತಾಳೆ. ಮೊದಲ ದಿನ ಹನ್ನೊಂದು ಗಂಟು ಹಾಕಿ ಒಂಬತ್ತನ್ನು ಬಿಚ್ಚಿದೆವು. ನಿನ್ನೆ ಅವಳು ಕಟ್ಟಿದ ಗಂಟುಗಳು ನನ್ನವುಗಳಿಗಿಂತ ಸಮವಾಗಿ ಕೂತಿದ್ದವು. ಒಂದು ಅನುಮಾನ ಉಳಿದಿದೆ: ಗಂಟನ್ನು ಪಕ್ಕಕ್ಕೆ ಎಳೆಯುವಾಗ ಮೇಣದ ದಾರ ಬಟ್ಟೆಯನ್ನು ಸ್ವಲ್ಪ ಸುಕ್ಕಾಗಿಸುತ್ತದೆ. ಅದು ಸಹಜವೇ, ಅಥವಾ ನಾವು ಹೆಚ್ಚು ಬಿಗಿಯುತ್ತಿದ್ದೇವೆಯೇ?

ಜಕ್ಕೂರಿನ ಹಳಬ, ಬೆಂಗಳೂರು

ಹೆಚ್ಚು ಬಿಗಿಯುತ್ತಿದ್ದೀರಿ. ದಾರದ ಕೆಳಗೆ ರಿಬ್ಬಿನುದ್ದಕ್ಕೂ ಒಂದು ಬಲಪಟ್ಟಿ ಹಾಕಿದ್ದೀರಿ ತಾನೇ? ದಾರವು ಆ ಪಟ್ಟಿಯ ಮೇಲೆ ಅಲುಗದೆ ಕೂರಬೇಕು, ಅದನ್ನು ಕಚ್ಚಬಾರದು. ಸೂಜಿಯ ತೂತುಗಳು ರಿಬ್ಬಿಗೆ ಆದಷ್ಟು ಹತ್ತಿರವಿರಲಿ. ದೂರವಾದರೆ ದಾರ ಎಳೆದಾಗ ಬಟ್ಟೆ ಒಳಗೆ ಸೆಳೆದುಕೊಂಡು ಸುಕ್ಕಾಗುತ್ತದೆ. ಮುಂದಿನ ರಿಬ್ಬನ್ನು ನಿಮ್ಮ ಮನೆಯವರು ಮೇಲಿನಿಂದ ಕಟ್ಟಲಿ, ನೀವು ಕೆಳಗೆ ಕೂತು ಸೂಜಿ ಮರಳಿಸಿ. ಆ ಗಂಟುಗಳ ಫೋಟೊ ಹಾಕಿ, ನೋಡಿ ಹೇಳುತ್ತೇನೆ.